ತೆಂಕುತಿಟ್ಟಿನ ಪದದಲ್ಲಿ ಹೊಸತು ಯಾವುದು? ಕಾಸರಗೋಡಿನ ಸಂಶೋಧಕರಿಗೊಂದು ಕೈಪಿಡಿ

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿರಲಿ, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿರಲಿ, ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ಹಾಡುಗಾರಿಕೆಯ ಹೊಸ ಪ್ರಯೋಗಗಳ ಮೇಲೆ ಪ್ರಬಂಧ ಬರೆಯಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಯಾವುದಕ್ಕೆ ಹೋಲಿಸಿ ಇದನ್ನು ಹೊಸತು ಅನ್ನುವುದು? ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕೇಳಿದರೂ, ಆಟ ನೋಡಲು ಬಂದವರಲ್ಲಿ ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ: ‘ಮೊದಲಿನ ಭಾಗವತರು ಹೀಗೆ ಪದ ಹೇಳುತ್ತಿರಲಿಲ್ಲ.’ (ಭಾಗವತರೆಂದರೆ ಆಟದ ಹಾಡುಗಾರರು, ಪದ ಹೇಳುವುದೆಂದರೆ ಹಾಡುವುದು.) ಆ ಮಾತನ್ನು ಬರೆದಿಟ್ಟುಕೊಳ್ಳಿ, ಆದರೆ ಅದನ್ನೇ ಪುರಾವೆ ಮಾಡಿಕೊಳ್ಳಬೇಡಿ. ಅದೇ ಪ್ರಸಂಗದ (ಆಡುವ ಕಥೆಯ) ಅದೇ ಪದ್ಯವನ್ನು ಹಿಂದೆ ಹೇಗೆ ಹೇಳುತ್ತಿದ್ದರು ಎಂಬುದು ಕೈಯಲ್ಲಿಲ್ಲದೆ ಯಾವುದನ್ನೂ ಹೊಸತೆಂದು ಬರೆಯಬಾರದು. ಮುಂದಿನ ಕೆಲಸವೆಲ್ಲ ಈ ಒಂದು ನಿಯಮಕ್ಕಾಗಿ.

ವಿಷಯವನ್ನು ಪದ್ಯಕ್ಕೆ ಇಳಿಸಿ

‘ಯಕ್ಷಗಾನದಲ್ಲಿ ಹೊಸ ಪ್ರಯೋಗಗಳು’ ಎಂಬ ಶೀರ್ಷಿಕೆ ಇಟ್ಟುಕೊಂಡವರು ನಾಲ್ಕು ವರ್ಷ ಕಳೆದರೂ ದಡ ಸೇರುವುದಿಲ್ಲ. ವೇಷಭೂಷಣ, ಕಾಲಮಿತಿ (ರಾತ್ರಿಯಿಡೀ ಅಲ್ಲದೆ ಕೆಲವೇ ಗಂಟೆಯ ಆಟ), ತುಳು ಪ್ರಸಂಗ, ಮಹಿಳಾ ಮೇಳ, ಗಾನವೈಭವ (ವೇಷವಿಲ್ಲದೆ ಬರೇ ಹಾಡಿನ ಕಾರ್ಯಕ್ರಮ) ಎಲ್ಲವೂ ಅದರೊಳಗೆ ಬಂದು ಕೂರುತ್ತವೆ. ಬದಲಿಗೆ ಒಂದು ಪ್ರಸಂಗ, ಅದರಲ್ಲಿ ಐದಾರು ಪದ್ಯ ಆರಿಸಿ. ಕಾಸರಗೋಡಿನವರಿಗೆ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳಿಗಿಂತ ಒಳ್ಳೆಯ ಆಧಾರ ಬೇರೆ ಸಿಗದು. ‘ಪಂಚವಟಿ’ಯಂಥದ್ದು ಬಯಲಾಟದಲ್ಲೂ ನಡೆಯುತ್ತದೆ, ವೇಷವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಳೆ ಕೂಟದಲ್ಲೂ ನಡೆಯುತ್ತದೆ, ಹಳೆಯ ಧ್ವನಿಮುದ್ರಣವೂ ಸಿಗುತ್ತದೆ, ಅಚ್ಚಾದ ಪಠ್ಯವೂ ಇದೆ. ಹೊಸ ಪ್ರಸಂಗದ ಪದ್ಯಕ್ಕೆ ಹಿಂದಿನ ರೂಪವೇ ಇರುವುದಿಲ್ಲ, ಹಾಗಾಗಿ ಹೋಲಿಕೆಗೆ ಅದು ಬರುವುದಿಲ್ಲ.

ಪದ್ಯಗಳನ್ನು ಆರಿಸುವಾಗ ಒಂದೇ ಜಾತಿಯವು ಬೇಡ. ನಿಧಾನಗತಿಯ ಒಂದು ಕರುಣದ ಪದ್ಯ, ಒಂದು ಶೃಂಗಾರ, ವೇಷದ ಪ್ರವೇಶಕ್ಕೆ ಸೇರಿದ ಒಂದು, ಸಂವಾದದ ಎರಡು, ಯುದ್ಧದ ಏರುಪದ್ಯ (ವೇಗದ, ಏರುದನಿಯ ಪದ್ಯ) ಒಂದು, ಇಷ್ಟಿದ್ದರೆ ಸಾಕು. ಬದಲಾವಣೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಆಲಾಪನೆ ಹಿಗ್ಗುವುದು ನಿಧಾನದ ಪದ್ಯಗಳಲ್ಲಿ. ಏರುಪದ್ಯದಲ್ಲಿ ಭಾಗವತರಿಗಿಂತ ಹೆಚ್ಚು ಬದಲಾಗಿರುವುದು ಚೆಂಡೆ. ಬರೇ ಶೃಂಗಾರದ ಪದ್ಯ ನೋಡಿ ‘ಯಕ್ಷಗಾನ ಶಾಸ್ತ್ರೀಯ ಸಂಗೀತದ ಕಡೆಗೆ ವಾಲಿದೆ’ ಎಂದು ತೀರ್ಮಾನಿಸಿದ ಪ್ರಬಂಧ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಆರು ಪದ್ಯ, ಇಪ್ಪತ್ತು ಪ್ರದರ್ಶನ ಎಂದರೆ 120 ತುಣುಕು. ಐದು ನಿಮಿಷದ ಒಂದು ತುಣುಕನ್ನು ಸರಿಯಾಗಿ ಗುರುತು ಮಾಡಲು ಒಂದು ಗಂಟೆಯಾದರೂ ಬೇಕು. ಇದಕ್ಕಿಂತ ಹೆಚ್ಚಿಗೆ ಹೋಗುವ ಆಸೆ ಬೇಡ.

ಹಳತನ್ನು ಎಲ್ಲಿಂದ ತರುವುದು

ಅಚ್ಚಾದ ಪ್ರಸಂಗ ಪುಸ್ತಕದಲ್ಲಿ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ಇರುತ್ತದೆ. ಹೊಸಬರು ಎಡವುವುದು ಇಲ್ಲೇ. ಪುಸ್ತಕದಲ್ಲಿ ಸೌರಾಷ್ಟ್ರ ಎಂದಿದೆ, ಈಗಿನ ಭಾಗವತರು ಬೇರೆ ರಾಗದಲ್ಲಿ ಹೇಳಿದರು, ಆದ್ದರಿಂದ ಬದಲಾವಣೆ ಎಂದು ಬರೆದುಬಿಡುತ್ತಾರೆ. ಐವತ್ತು ವರ್ಷ ಹಿಂದಿನ ಭಾಗವತರೂ ಆ ಪದ್ಯವನ್ನು ಪುಸ್ತಕದ ರಾಗದಲ್ಲಿ ಹೇಳದೆ ಇದ್ದಿರಬಹುದು. ಅಚ್ಚಿನ ಪಠ್ಯವನ್ನು ಸಾಹಿತ್ಯಕ್ಕೂ ತಾಳಕ್ಕೂ ಆಧಾರ ಮಾಡಿಕೊಳ್ಳಿ. ರಾಗಕ್ಕೆ ಆಧಾರ ಹಾಡಿದ ದನಿಯೇ.

ಅಚ್ಚಿಗಿಂತ ಬೆಲೆಯುಳ್ಳದ್ದು ಭಾಗವತರ ಕೈಬರಹದ ಪದ್ಯದ ಪುಸ್ತಕ. ಒಂದು ಪುಟ ಬಿಡಿಸಿ ನೋಡಿ: ಮಧ್ಯದಲ್ಲಿ ಪದ್ಯ, ಎಡಗಡೆ ಅಂಚಿನಲ್ಲಿ ರಾಗದ ಮೊದಲಕ್ಷರ, ಕೆಲವು ಪದ್ಯಗಳ ಮೇಲೆ ಪೆನ್ಸಿಲಿನ ಅಡ್ಡಗೀಟು, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದು ರಾಗದ ಹೆಸರು. ಗೀಟು ಹಾಕಿದ್ದು ರಾತ್ರಿ ಸಾಲದೆ ಬಿಟ್ಟ ಪದ್ಯ. ಶಾಯಿ ಬದಲಾದಲ್ಲಿ ರೂಢಿ ಬದಲಾಗಿದೆ. ಇಂಥ ಪುಟ ಸಿಕ್ಕಿದರೆ ನಿಮ್ಮ ಪ್ರಬಂಧದ ಒಂದು ಅಧ್ಯಾಯ ಸಿಕ್ಕಿದ ಹಾಗೆ. ಪುಸ್ತಕವನ್ನು ಮನೆಯಿಂದ ಹೊರಗೆ ಒಯ್ಯಬೇಡಿ, ಜೆರಾಕ್ಸ್ ಯಂತ್ರಕ್ಕೆ ಒತ್ತಬೇಡಿ. ಹಳೆ ಹೊಲಿಗೆ ಅಲ್ಲೇ ಬಿಡುತ್ತದೆ. ಜಗಲಿಯ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಮೇಲಿನಿಂದ ನೇರಕ್ಕೆ ಫೋಟೊ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ, ಹಿಂದಿನ ಹಾಳೆಯ ಕಡೆಯ ಲೆಕ್ಕ, ಆಟದ ತಾರೀಕು ಅಲ್ಲೇ ಇರುತ್ತದೆ.

ಇನ್ನುಳಿದ ಮೂಲಗಳು: 1976ರಿಂದ ನಡೆಯುತ್ತಿರುವ ಮಂಗಳೂರು ಆಕಾಶವಾಣಿಯ ಧ್ವನಿಮುದ್ರಣಗಳು, ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಕೇಂದ್ರ, ಮತ್ತೆ ಮನೆಮನೆಯ ಅಟ್ಟದಲ್ಲಿರುವ ಕ್ಯಾಸೆಟ್. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ನೀರ್ಚಾಲು ಕಡೆಯ ಹಳೇ ಮನೆಗಳಲ್ಲಿ ಕೇಳಿ ನೋಡಿ. ಕೂಟಗಳನ್ನು ಟೇಪ್ ಮಾಡಿ ಜೋಪಾನವಾಗಿ ಇಟ್ಟವರು ಕಡಿಮೆಯೇನಲ್ಲ.

ಮಾರುಕಟ್ಟೆಯ ಕ್ಯಾಸೆಟ್ಟಿನ ಬಗ್ಗೆ ಮಾತ್ರ ಎಚ್ಚರ. ಸಿ-60 ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ, ಸಿ-90ರದು 45. ಪದ್ಯ ಚಿಕ್ಕದಾಗಿದ್ದರೆ, ಚೆಂಡೆಯ ಮುಕ್ತಾಯ ಬೇಗ ಬಂದರೆ, ಅದು ಭಾಗವತರ ಶೈಲಿಯಾಗದೆ ಟೇಪಿನ ಅಳತೆಯೂ ಆಗಿರಬಹುದು. ಹೊದಿಕೆಯ ಮೇಲಿನ ವರ್ಷ ಬಿಡುಗಡೆಯದ್ದು, ಹಾಡಿದ್ದಲ್ಲ. ಯೂಟ್ಯೂಬಿನಲ್ಲಿ ಕಾಣುವ ತಾರೀಕು ಏರಿಸಿದ ದಿನದ್ದು. ಹಿಂದೆ ಕಾಣುವ ಬ್ಯಾನರ್, ಹಿಮ್ಮೇಳದಲ್ಲಿ (ಹಾಡು-ವಾದ್ಯದ ತಂಡದಲ್ಲಿ) ಕೂತವರ ಜೋಡಿ, ಆ ವರ್ಷ ಯಾರು ಯಾವ ಮೇಳದಲ್ಲಿದ್ದರು ಎಂಬ ಲೆಕ್ಕ, ಈ ಮೂರನ್ನು ಸೇರಿಸಿ ವರ್ಷ ನಿಗದಿ ಮಾಡಿ. ನಿಗದಿಯಾಗದ್ದನ್ನು ಹೋಲಿಕೆಯ ಕೋಷ್ಟಕಕ್ಕೆ ಸೇರಿಸಬೇಡಿ.

ಕ್ಯಾಸೆಟ್ಟಿನ ವೇಗ ಸರಿಪಡಿಸದೆ ಶ್ರುತಿಯ ಮಾತೆತ್ತಬೇಡಿ

ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಅತಿ ಹೆಚ್ಚು ಸುಳ್ಳು ತೀರ್ಮಾನ ಹುಟ್ಟುವುದು ಇಲ್ಲಿ. ‘ಹಿಂದಿನವರು ಏರು ಶ್ರುತಿಯಲ್ಲಿ ಹೇಳುತ್ತಿದ್ದರು, ಈಗ ಇಳಿದಿದೆ’ ಎಂಬ ಮಾತಿಗೆ ಕಾರಣವಿದೆ. ಮೈಕ್ ಇಲ್ಲದ ಕಾಲಕ್ಕೆ ಚೆಂಡೆಯನ್ನು ದಾಟಿ ಗದ್ದೆಯ ಕೊನೆಯವರೆಗೆ ದನಿ ಮುಟ್ಟಬೇಕಿತ್ತು. ಆದರೆ ಅದನ್ನು ಕ್ಯಾಸೆಟ್ಟಿನಿಂದ ಸಾಧಿಸಹೊರಟರೆ, ಮೊದಲು ಕ್ಯಾಸೆಟ್ ಸರಿಯಾದ ವೇಗದಲ್ಲಿ ಓಡುತ್ತಿದೆಯೇ ನೋಡಬೇಕು. ಟೇಪು ಶೇ 6ರಷ್ಟು ಬೇಗ ಓಡಿದರೆ ಹಾರ್ಮೋನಿಯಮ್ಮಿನ ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದರಲ್ಲಿ ಕೇಳುತ್ತದೆ, ಪೂರಾ ಒಂದು ಮನೆ (ಪಕ್ಕದ ಕೀಲಿಯಷ್ಟು ಅಂತರ) ಮೇಲೆ. ತಾಳದ ವೇಗವೂ ಅಷ್ಟೇ ಹೆಚ್ಚುತ್ತದೆ. ಬೆಲ್ಟ್ ಸಡಿಲವಾದ ಟೇಪ್‌ರೆಕಾರ್ಡರಿನಲ್ಲಿ ಇದು ಮಾಮೂಲು.

ಸರಿಪಡಿಸುವ ದಾರಿ ಕರೆಂಟಿನ ಗುಂಯ್ ಸದ್ದು. ಮೈಕ್ ಸೆಟ್ಟಿಗೆ ಕರೆಂಟ್ ಕೊಟ್ಟಿದ್ದ ಆಟದ ಮುದ್ರಣದಲ್ಲಿ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ, ಅದರ ದುಪ್ಪಟ್ಟು 100 ಹರ್ಟ್ಸ್, ಸಣ್ಣಗೆ ಸೇರಿಕೊಂಡಿರುತ್ತದೆ. ಸೋನಿಕ್ ವಿಶುವಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ದನಿಯ ಕಂಪನಾಂಕಗಳ ಚಿತ್ರ) ತೆರೆದು ಕೆಳಭಾಗವನ್ನು ಹಿಗ್ಗಿಸಿದರೆ ಅಡ್ಡಕ್ಕೆ ನೆಟ್ಟಗೆ ಹೋಗುವ ಗೆರೆಯಾಗಿ ಕಾಣುತ್ತದೆ. ಅದು 100ರ ಬದಲು 106ರಲ್ಲಿದ್ದರೆ ಟೇಪು ಶೇ 6ರಷ್ಟು ಬೇಗ ಓಡಿದೆ. ಇಳಿಸಬೇಕಾದ್ದು ಶೇ 6 ಅಲ್ಲ, ಶೇ 5.7 (100ನ್ನು 106ರಿಂದ ಭಾಗಿಸಿ ನೋಡಿ). ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಇಳಿಸುವಾಗ ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಒತ್ತಿ. ಲಯ ಮಾತ್ರ ಬದಲಾಯಿಸುವ ಇನ್ನೊಂದು ಆಯ್ಕೆ ಪಕ್ಕದಲ್ಲೇ ಇದೆ, ಅದನ್ನು ಒತ್ತಿದರೆ ಶ್ರುತಿ ತಪ್ಪಾಗಿಯೇ ಉಳಿಯುತ್ತದೆ.

ಎರಡು ಕಡೆ ಮೋಸ ಹೋಗಬಹುದು. ಒಂದು, ಗುಂಯ್ ಸದ್ದು ನಿಮ್ಮ ಟೇಪ್‌ರೆಕಾರ್ಡರಿನದ್ದೇ ಆಗಿರಬಹುದು. ಕ್ಯಾಸೆಟ್ ನಿಲ್ಲಿಸಿ, ಯಂತ್ರ ಮಾತ್ರ ಚಾಲೂ ಇಟ್ಟು ಅರ್ಧ ನಿಮಿಷ ಮುದ್ರಿಸಿ. ಆಗಲೂ ಉಳಿಯುವ ಗೆರೆ ಯಂತ್ರದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು, ಹಿಂದೆ ನಮ್ಮ ಕರೆಂಟೇ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ, ಜನರೇಟರಿನ ಆಟವಾದರೆ ಇನ್ನೂ ಅತ್ತಿತ್ತ. 48.5ಕ್ಕೆ ಇಳಿದಿದ್ದರೂ ನಿಮ್ಮ ಲೆಕ್ಕ ಅರ್ಧ ಮನೆ ತಪ್ಪುತ್ತದೆ. ಹಾಗಾಗಿ ಕ್ಯಾಸೆಟ್ಟಿನಿಂದ ಒಂದು ಮನೆಗಿಂತ ಕಡಿಮೆಯ ಶ್ರುತಿ ವ್ಯತ್ಯಾಸವನ್ನು ‘ಬದಲಾವಣೆ’ ಎಂದು ಬರೆಯಬೇಡಿ. ಬ್ಯಾಟರಿಯಲ್ಲಿ ಮುದ್ರಿಸಿ ಗುಂಯ್ ಸದ್ದೇ ಇಲ್ಲದ ಟೇಪಾದರೆ ರಾಗ, ಸಾಹಿತ್ಯ, ಪುನರಾವರ್ತನೆಗೆ ಬಳಸಿ. ಶ್ರುತಿಗೂ ವೇಗಕ್ಕೂ ಬಿಟ್ಟುಬಿಡಿ.

ಈಗಿನ ಆಟವನ್ನು ಮುದ್ರಿಸುವುದು

48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಎರಡು ಚಾನೆಲ್ ಆದರೆ ಗಂಟೆಗೆ ಸುಮಾರು 1 ಜಿಬಿ, ರಾತ್ರಿಯಿಡೀ ಆಟಕ್ಕೆ 9–10 ಜಿಬಿ. ವೇವ್ ಫೈಲ್ 4 ಜಿಬಿ ದಾಟದು, ನಾಲ್ಕನೇ ಗಂಟೆಯ ಹತ್ತಿರ ರೆಕಾರ್ಡರ್ ತಾನೇ ಹೊಸ ಫೈಲ್ ಶುರು ಮಾಡುತ್ತದೆ. ಕೆಲವು ಅಗ್ಗದ ಯಂತ್ರಗಳು ಅಲ್ಲಿ ಸುಮ್ಮನೆ ನಿಂತೇಬಿಡುತ್ತವೆ, ಮನೆಯಲ್ಲೇ ಒಮ್ಮೆ ಪರೀಕ್ಷಿಸಿಕೊಳ್ಳಿ.

ದನಿಯ ಮಟ್ಟವನ್ನು ಭಾಗವತರ ಪದ ಕೇಳಿ ಹೊಂದಿಸಿದರೆ ಚೆಂಡೆ ಬಿದ್ದ ಕೂಡಲೇ ಒಡೆಯುತ್ತದೆ. ಪೂರ್ವರಂಗದಲ್ಲಿ ಚೆಂಡೆ ಜೋರಾಗಿ ಬಾರಿಸುವ ಹೊತ್ತಿಗೆ ಮೇಲ್ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಡಿ. ಮಧ್ಯರಾತ್ರಿ ಬಣ್ಣದ ವೇಷ (ರಾಕ್ಷಸ ಪಾತ್ರ) ಬರುವಾಗ ಇನ್ನೂ ಏರುತ್ತದೆ, ಆ ಜಾಗ ಬೇಕು. ಮಟ್ಟವನ್ನು ಯಂತ್ರವೇ ಹೊಂದಿಸುವ ಸ್ವಯಂಚಾಲಿತ ಆಯ್ಕೆಯನ್ನು ಆಫ್ ಮಾಡಿಡಿ. ಅದು ಚಾಲೂ ಇದ್ದರೆ ಪ್ರತಿ ಚೆಂಡೆಪೆಟ್ಟಿನ ಹಿಂದೆ ಭಾಗವತರ ದನಿ ಕುಗ್ಗಿ, ಮತ್ತೆ ಮೆಲ್ಲಗೆ ಏಳುತ್ತದೆ. ಮೊಬೈಲಿನ ಮುದ್ರಣ ಹೋಲಿಕೆಗೆ ಬರದಿರುವುದು ಹೆಚ್ಚಾಗಿ ಇದರಿಂದ. ಯಂತ್ರವನ್ನು ಚೆಂಡೆಯವರು ನಿಂತ ಬದಿಗೆ ಎದುರಿನ ಬದಿಯಲ್ಲಿ, ಸ್ಪೀಕರಿನ ನೇರಕ್ಕೆ ಬಾರದಂತೆ ಇಡಿ. ಮೈಕಿನವರು ಮಿಕ್ಸರಿನಿಂದ ಒಂದು ವಯರು ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಅದರಲ್ಲಿ ಎಕೋ ಸೇರಿರುತ್ತದೆ, ಚೆಂಡೆಗೆ ಪ್ರತ್ಯೇಕ ಮೈಕ್ ಇಲ್ಲದಿದ್ದರೆ ಚೆಂಡೆ ದೂರ ಹೋಗಿರುತ್ತದೆ.

ಅನುಮತಿ ಮೂವರಿಂದ ಬೇಕು: ಮೇಳದ ಯಜಮಾನರು, ಆಟ ಆಡಿಸುವ ಸೇವಾಕರ್ತರು, ಹಿಮ್ಮೇಳದ ಕಲಾವಿದರು. ಸೇವಾಕರ್ತರು ‘ಧಾರಾಳ ಮಾಡಿ’ ಎಂದರೆ ಮೇಳ ಒಪ್ಪಿದ ಹಾಗಲ್ಲ. ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಅಧ್ಯಯನಕ್ಕೆ ಬಳಸುವುದು ಬೇರೆ, ಅಂತರ್ಜಾಲಕ್ಕೆ ಏರಿಸುವುದು ಬೇರೆ. ಒಪ್ಪಿಗೆ ಪತ್ರದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ಸಹಿ ಇರಲಿ. ಪತ್ರ ಕನ್ನಡದಲ್ಲಿರಲಿ. ವಿಶ್ವವಿದ್ಯಾಲಯದ ಸಮಿತಿಗೆ ಬೇರೆ ಭಾಷೆ ಬೇಕಾದರೆ ಅದು ನಿಮ್ಮ ಕೆಲಸ, ಕಲಾವಿದರದ್ದಲ್ಲ.

ಅಳತೆ: ಪದ್ಯವನ್ನು ಬಿಡಿಸುವುದು

ಪ್ರತಿ ತುಣುಕಿಗೂ ಇವಿಷ್ಟು ಬರೆಯಿರಿ: ಶ್ರುತಿ, ರಾಗ, ತಾಳ, ಮೂರು ಕಡೆಯ ವೇಗ, ಒಟ್ಟು ಅವಧಿ, ಆ ಅವಧಿ ಯಾವುದಕ್ಕೆ ಎಷ್ಟು ಹೋಯಿತು, ಯಾವ ಸಾಲು ಎಷ್ಟು ಬಾರಿ ಬಂತು, ಯಾವ ಸಾಲು ಬರಲೇ ಇಲ್ಲ.

ವೇಗ ಅಳೆಯಲು ಹತ್ತು ಆವರ್ತನದ (ತಾಳದ ಹತ್ತು ಸುತ್ತಿನ) ಸಮಯ ಹಿಡಿಯಿರಿ. ತ್ರಿವುಡೆ ತಾಳಕ್ಕೆ ಏಳು ಮಾತ್ರೆ, ಹತ್ತು ಆವರ್ತನಕ್ಕೆ 70. ಅದು 35 ಸೆಕೆಂಡಿನಲ್ಲಿ ಮುಗಿದರೆ ನಿಮಿಷಕ್ಕೆ 120 ಮಾತ್ರೆ. ಝಂಪೆ ತಾಳಕ್ಕೆ ಹತ್ತು ಮಾತ್ರೆ, ಹತ್ತು ಆವರ್ತನಕ್ಕೆ 100. 50 ಸೆಕೆಂಡ್ ಹಿಡಿದರೆ ಅದೂ 120. ಪದ್ಯದ ಆರಂಭ, ನಡು, ಮುಕ್ತಾಯಕ್ಕೆ ಮೊದಲು, ಹೀಗೆ ಮೂರು ಕಡೆ ಅಳೆಯಬೇಕು. ಸರಾಸರಿ ತೆಗೆದರೆ ಪದ್ಯದ ಓಟವೇ ಮರೆಯಾಗುತ್ತದೆ. ಇಬ್ಬರು ಭಾಗವತರ ಸರಾಸರಿ ಒಂದೇ ಇದ್ದು, ಒಬ್ಬರು ಉದ್ದಕ್ಕೂ ಒಂದೇ ಲಯದಲ್ಲಿ ಹೋಗಿ, ಇನ್ನೊಬ್ಬರು ನಿಧಾನಕ್ಕೆ ಶುರು ಮಾಡಿ ಕೊನೆಗೆ ಏರಿಸಿರಬಹುದು.

ಅವಧಿಯ ಲೆಕ್ಕವೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಒಂದು ಪದ್ಯ ಹಳೆ ಮುದ್ರಣದಲ್ಲಿ 160 ಸೆಕೆಂಡ್, ಹೊಸದರಲ್ಲಿ 370 ಎಂದಿಟ್ಟುಕೊಳ್ಳಿ. ಹಳೆಯದರಲ್ಲಿ ಸಾಹಿತ್ಯಕ್ಕೆ 120, ಚೆಂಡೆ-ಮದ್ದಳೆಗೆ 40. ಹೊಸದರಲ್ಲಿ ಸಾಹಿತ್ಯಕ್ಕೆ 150, ಆಲಾಪನೆಗೆ 90, ಸಾಲುಗಳ ಪುನರಾವರ್ತನೆಗೆ 70, ಚೆಂಡೆ-ಮದ್ದಳೆಗೆ 60. ಈಗ ಮಾತು ಸ್ಪಷ್ಟ: ಹಾಡಿನ ಗತಿ ಅಷ್ಟೇನೂ ನಿಧಾನವಾಗಿಲ್ಲ, ಬೆಳೆದದ್ದು ಆಲಾಪನೆ ಮತ್ತು ಪುನರಾವರ್ತನೆ. ‘ಪದ್ಯ ಎಳೆಯುತ್ತಾರೆ’ ಎಂಬ ದೂರಿನ ಹಿಂದೆ ಏನಿದೆ ಎಂಬುದನ್ನು ಈ ನಾಲ್ಕು ಅಂಕಿ ತೋರಿಸುತ್ತವೆ. ಕಾಲಮಿತಿಯ ಆಟದಲ್ಲಿ ಇದೇ ಲೆಕ್ಕ ಮಾಡಿದರೆ ಇನ್ನೊಂದು ಸಂಗತಿಯೂ ಕಾಣಬಹುದು, ಒಂದು ಪದ್ಯ ಹಿಗ್ಗಿದ್ದಕ್ಕೆ ಎಷ್ಟು ಪದ್ಯ ಬಿಟ್ಟುಹೋಯಿತು ಎಂಬುದು. ಹಾಗಾಗಿ ಒಂದು ಪದ್ಯವನ್ನು ಅಳೆಯುವಾಗ ಅದರ ಹಿಂದೆ ಮುಂದೆ ಬಿಟ್ಟ ಪದ್ಯಗಳ ಪಟ್ಟಿಯನ್ನೂ ಪಠ್ಯ ಎದುರಿಗಿಟ್ಟುಕೊಂಡು ಗುರುತಿಸಿ.

ರಾಗದ ವಿಚಾರದಲ್ಲಿ ಮೂರು ಕಾಲಮ್ ಇರಲಿ: ಭಾಗವತರು ಹೇಳಿದ ಹೆಸರು, ಯಕ್ಷಗಾನ ಬಲ್ಲ ಕೇಳುಗರು ಹೇಳಿದ ಹೆಸರು, ಕರ್ನಾಟಕ ಸಂಗೀತ ಕಲಿತವರು ಹೇಳಿದ ಹೆಸರು. ಮೂರೂ ಒಂದೇ ಆದರೆ ಸರಿ. ಬೇರೆಯಾದರೆ ಯಾರದ್ದು ತಪ್ಪು ಎಂದು ಹುಡುಕಬೇಡಿ, ಆ ವ್ಯತ್ಯಾಸವೇ ನಿಮ್ಮ ಮಾಹಿತಿ. ಬಲಿಪ ಮನೆತನದ ಭಾಗವತರ ಪರಂಪರೆಯ ಹಾಡುಗಾರಿಕೆಯನ್ನು ಕರ್ನಾಟಕ ಸಂಗೀತದ ಆರೋಹಣ-ಅವರೋಹಣದ ಕೋಲಿನಿಂದ ಅಳೆದವರು ‘ರಾಗ ಶುದ್ಧಿಯಿಲ್ಲ’ ಎಂದು ಬರೆದರೆ, ಅದು ಆ ಪರಂಪರೆಗೆ ಮಾಡುವ ಅನ್ಯಾಯ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಪದ ಕೇಳಿದರೆ ಗೊತ್ತಾಗುತ್ತದೆ, ಅಲ್ಲಿ ಸಾಹಿತ್ಯವೂ ಲಯವೂ ಮುಂದೆ, ರಾಗ ಅವುಗಳ ಹಿಂದೆ. ಇನ್ನೊಂದು ದಾರಿಯೂ ಇದೇ ಕಾಸರಗೋಡಿನ ಕಡೆಯಿಂದ ಹೊರಟಿದೆ. ಮಧೂರಿನವರಾದ ಲೀಲಾವತಿ ಬೈಪಾಡಿತ್ತಾಯರು ಕರ್ನಾಟಕ ಸಂಗೀತ ಕಲಿತ ಬಳಿಕ ಪತಿಯಿಂದ ಭಾಗವತಿಕೆ ಕಲಿತು, ತೆಂಕುತಿಟ್ಟಿನ ಮೇಳದಲ್ಲಿ ವೃತ್ತಿಯಾಗಿ ಪದ ಹೇಳಿದ ಮೊದಲ ಮಹಿಳೆಯಾದರು. ಶಾಸ್ತ್ರೀಯ ಸಂಗೀತ ಬಂದದ್ದು ಎಲ್ಲಿಂದ, ಯಕ್ಷಗಾನದ ನಡೆಗೆ ಅದು ಬಗ್ಗಿದ್ದು ಎಲ್ಲಿ ಎಂದು ನೋಡುವವರು ಇವರ ಮುದ್ರಣಗಳನ್ನು ಬಿಡುವಂತಿಲ್ಲ.

ಮಾತಾಡಿಸುವ ಬಗೆ

ಮೇಳ ತಿರುಗಾಟದಲ್ಲಿರುವಾಗ ಕಲಾವಿದರು ಬೆಳಿಗ್ಗೆ ಮನೆಗೆ ಬಂದು ಮಲಗುತ್ತಾರೆ, ಸಂಜೆ ಮತ್ತೆ ಚೌಕಿಗೆ. ಆಗ ಹೋದರೆ ಸಿಗುವುದು ಹತ್ತು ನಿಮಿಷದ ಸೌಜನ್ಯ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24–25ರ ಹೊತ್ತಿಗೆ, ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ (ಆ ವರ್ಷದ ತಿರುಗಾಟ ಮುಗಿಸಿದ) ಮೇಲೆ ಹೋಗಿ. ಮಳೆಗಾಲದ ಕೂಟ, ಪರವೂರ ಆಟ ಇರುತ್ತವೆ, ಆದರೂ ಮಧ್ಯಾಹ್ನದ ಮೇಲೆ ಎರಡು ಗಂಟೆ ಕೂತು ಮಾತಾಡಲು ಜೂನ್–ಜುಲೈಯಷ್ಟು ಒಳ್ಳೆಯ ಹೊತ್ತು ಬೇರೆ ಇಲ್ಲ.

‘ನೀವು ಏನು ಹೊಸತು ತಂದಿರಿ?’ ಎಂದು ಕೇಳಬೇಡಿ. ಹಿರಿಯರು ‘ನಾವೇನೂ ಹೊಸತು ಮಾಡಿದ್ದಿಲ್ಲ, ಹಿರಿಯರು ಹಾಕಿಕೊಟ್ಟ ದಾರಿ’ ಎನ್ನುತ್ತಾರೆ, ಕಿರಿಯರು ಎಲ್ಲವನ್ನೂ ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಎರಡೂ ಉಪಯೋಗಕ್ಕೆ ಬಾರದು. ಅವರದ್ದೇ ಒಂದು ಪದ್ಯದ 40 ಸೆಕೆಂಡ್ ತುಣುಕು ಕೇಳಿಸಿ, ‘ಇದನ್ನು ನಿಮ್ಮ ಗುರುಗಳು ಹೇಗೆ ಹೇಳುತ್ತಿದ್ದರು?’ ಎಂದು ಕೇಳಿ ಸುಮ್ಮನಿರಿ. ಮಾತಿಗೆ ಮೊದಲು ಪದ ಬರುತ್ತದೆ. ತೊಡೆಯ ಮೇಲೆ ತಾಳ ಹಾಕಿಕೊಂಡು ಅವರು ಎರಡು ಬಗೆಯಲ್ಲೂ ಹೇಳಿ ತೋರಿಸಿದರೆ, ಯಾವ ಸಂದರ್ಶನದಲ್ಲೂ ಸಿಗದ ಹೋಲಿಕೆ ನಿಮಗೆ ಒಂದೇ ದನಿಯಲ್ಲಿ ಸಿಕ್ಕಿತು. ಬಳಿಕ ಕೇಳಬೇಕಾದ ಪ್ರಶ್ನೆ ‘ಯಾಕೆ’ ಅಲ್ಲ, ‘ಯಾವಾಗಿಂದ, ಎದುರಿಗೆ ಯಾವ ವೇಷ ಇದ್ದಾಗ’ ಎಂಬುದು. ಆಲಾಪನೆ ಉದ್ದವಾದದ್ದಕ್ಕೆ ಒಬ್ಬ ಸ್ತ್ರೀವೇಷದವರ ಅಭಿನಯ ಕಾರಣವಾಗಿರುತ್ತದೆ, ಮುಕ್ತಾಯ ಬದಲಾದದ್ದಕ್ಕೆ ಒಬ್ಬ ಪುಂಡುವೇಷದವರ (ಚುರುಕಿನ ತರುಣ ಪಾತ್ರದವರ) ಧೀಂಗಿಣ, ಅಂದರೆ ಸುತ್ತುತ್ತ ಹಾರುವ ಕುಣಿತ, ಕಾರಣವಾಗಿರುತ್ತದೆ.

ಮನೆಯಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳ, ಯಾವುದರಲ್ಲಿ ಅವರಿಗೆ ಸಲೀಸೋ ಅದರಲ್ಲೇ ಮಾತಾಡಲು ಬಿಡಿ. ಗ್ರಾಂಥಿಕ ಕನ್ನಡದಲ್ಲಿ ಕೇಳಿದರೆ ಸನ್ಮಾನ ಸಭೆಯ ಭಾಷಣದ ಉತ್ತರ ಬರುತ್ತದೆ. ಚೆಂಡೆ-ಮದ್ದಳೆಯವರನ್ನು ಬೇರೆಯಾಗಿ ಕೂರಿಸಿ ಕೇಳಿ. ಭಾಗವತರ ಎದುರಿಗೆ ಅವರು ಬಿಚ್ಚಿ ಮಾತಾಡುವುದಿಲ್ಲ. ಹೊಸ ನಡೆಯೊಂದು ಉಳಿಯಿತೋ ಬಿದ್ದುಹೋಯಿತೋ ಎಂಬುದು ಅವರ ಕೈಯಲ್ಲಿ ತೀರ್ಮಾನವಾಗುವುದೇ ಹೆಚ್ಚು.

ಪ್ರಯೋಗವೋ ರೂಢಿಯೋ

ಒಂದು ರಾತ್ರಿ ಒಬ್ಬರು ಹೊಸ ರಾಗ ಹಿಡಿದರೆ ಅದು ಪ್ರಯೋಗ. ಅದೇ ಭಾಗವತರು ಅದನ್ನು ಎರಡು-ಮೂರು ತಿರುಗಾಟ ಬಿಡದೆ ಹೇಳಿದರೆ ಅವರ ಶೈಲಿ. ಬೇರೆ ಮೇಳದ, ಬೇರೆ ಗುರುಪರಂಪರೆಯ ಕನಿಷ್ಠ ಮೂವರಲ್ಲಿ ಅದು ಕಂಡರೆ ಮಾತ್ರ ತಿಟ್ಟಿನ ಬದಲಾವಣೆ ಎಂದು ಬರೆಯಿರಿ. ಗಾನವೈಭವ, ದ್ವಂದ್ವ ಭಾಗವತಿಕೆಯ (ಇಬ್ಬರು ಭಾಗವತರು ಜೊತೆಗೆ ಹಾಡುವ) ವೇದಿಕೆಯಲ್ಲಿ ಕಂಡದ್ದನ್ನು ಆಟದ ಲೆಕ್ಕಕ್ಕೆ ಸೇರಿಸಬೇಡಿ. ಎದುರಿಗೆ ವೇಷವಿಲ್ಲದಾಗ ಭಾಗವತರಿಗೆ ಸಿಗುವ ಸ್ವಾತಂತ್ರ್ಯವೇ ಬೇರೆ. ಕೂಟಕ್ಕೂ ಇದೇ ಮಾತು. ಆಟ, ಗಾನದ ವೇದಿಕೆ, ಕೂಟ, ಈ ಮೂರಕ್ಕೂ ಮೂರು ಕೋಷ್ಟಕ ಮಾಡಿ, ಒಂದರಿಂದ ಇನ್ನೊಂದಕ್ಕೆ ಏನು ಯಾವಾಗ ದಾಟಿತು ಎಂದು ನೋಡಿ.

ಗುರುತು ಮಾಡುವಾಗ ನಿಮ್ಮ ಕಿವಿಯೊಂದನ್ನೇ ನಂಬಬೇಡಿ. 120ರಲ್ಲಿ 20 ತುಣುಕನ್ನು ಯಕ್ಷಗಾನ ಬಲ್ಲ ಇನ್ನೊಬ್ಬರಿಗೆ ಕೊಡಿ, ಯಾವ ವರ್ಷದ್ದು, ಯಾರದ್ದು ಎಂದು ಹೇಳದೆ. ಆಲಾಪನೆ ಎಲ್ಲಿ ಮುಗಿದು ಸಾಹಿತ್ಯ ಎಲ್ಲಿ ಶುರುವಾಯಿತು ಎಂಬುದರಲ್ಲೇ ಇಬ್ಬರಿಗೂ ಹೊಂದದಿದ್ದರೆ, ನಿಮ್ಮ ನಿಯಮ ಸಡಿಲವಾಗಿದೆ. ‘ಪದ್ಯದ ಮೊದಲ ಅಕ್ಷರ ಕೇಳಿದಲ್ಲಿಂದ ಸಾಹಿತ್ಯ’ ಎಂಬಷ್ಟು ಬಿಗಿಯಾಗಿ ಬರೆದು, ಮೊದಲಿನಿಂದ ಮತ್ತೆ ಅಳೆಯಿರಿ.

ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು, ಮೇಳ, ಪ್ರಸಂಗ, ಪದ್ಯದ ಸಂಖ್ಯೆ ಇದೇ ಕ್ರಮದಲ್ಲಿ ಇರಲಿ. ವರ್ಷ ಮೊದಲಿದ್ದರೆ ಕಂಪ್ಯೂಟರ್ ತಾನೇ ಕಾಲಕ್ರಮಕ್ಕೆ ಜೋಡಿಸುತ್ತದೆ. ಮೂರು ಪ್ರತಿ ಇಡಿ, ಒಂದು ಮನೆಯಿಂದ ಹೊರಗೆ. ಕರಾವಳಿಯ ಮಳೆಗಾಲದಲ್ಲಿ ಹಾರ್ಡ್‌ಡಿಸ್ಕ್ ಮುಚ್ಚಳದ ಡಬ್ಬದೊಳಗೆ ಸಿಲಿಕಾ ಪೊಟ್ಟಣದ ಜೊತೆ ಇರಬೇಕು, ಕ್ಯಾಸೆಟ್ಟುಗಳು ಬೂಸಲು ಹಿಡಿಯುವ ಮೊದಲು, ಅಂದರೆ ಮೇ ಒಳಗೆ, ಮುದ್ರಣವಾಗಿ ಮುಗಿಯಬೇಕು. ಟೇಪು ಕೊಟ್ಟ ಮನೆಗೆ ಟೇಪನ್ನು ಹಿಂದಿರುಗಿಸುವಾಗ ಅದರ ಜೊತೆ ಎಂಪಿ3 ಮಾಡಿದ ಪೆನ್‌ಡ್ರೈವ್ ಒಂದನ್ನು ಕೊಡಿ. ಹಾಡಿದ ಭಾಗವತರ ಮನೆಗೂ ಒಂದು. ವೇವ್ ಫೈಲ್ ಕೊಟ್ಟರೆ ಅವರ ಫೋನಿನಲ್ಲಿ ಜಾಗ ಸಾಲುವುದಿಲ್ಲ.